ಯಾವ ಹಿಮ ಕರಗಿದರೆ ಯಾರಿಗೆ ಪೆಟ್ಟು?

ಮೊದಲೇ ಒಂದು ಸಮಾಧಾನದ ಮಾತು. ಭೂಮಿಯ ಮೇಲಿನ ಹಿಮ ಅಷ್ಟೂ ಕರಗಿ ಹೋದರೂ ಬೆಂಗಳೂರಿಗೆ ಸಮುದ್ರ ಬರುವುದಿಲ್ಲ. ಅಂಟಾರ್ಕ್ಟಿಕಾದ ಹಿಮ ಪೂರ್ತಿ ಕರಗಿದರೆ ಸಮುದ್ರ ಸುಮಾರು 58 ಮೀಟರ್ ಏರುತ್ತದೆ. ಗ್ರೀನ್‌ಲ್ಯಾಂಡಿನದು ಸೇರಿದರೆ ಇನ್ನೊಂದು 7 ಮೀಟರ್. ಜಗತ್ತಿನ ಬೆಟ್ಟಗಳ ಮೇಲಿರುವ ಹಿಮನದಿಗಳೆಲ್ಲ ಸೇರಿ ಕೊಡುವುದು ಬರೀ 30 ಸೆಂಟಿಮೀಟರ್ ಚಿಲ್ಲರೆ. ಒಟ್ಟು 66 ಮೀಟರ್ ಆಸುಪಾಸು. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಅದೂ ಅಷ್ಟು ಹಿಮ ಕರಗಲು ಸಾವಿರಾರು ವರ್ಷ ಬೇಕು. ಹಾಗಾಗಿ ವಾಟ್ಸ್‌ಆ್ಯಪಿನಲ್ಲಿ ಆಗಾಗ ಬರುವ ‘ಮುಳುಗಲಿರುವ ಬೆಂಗಳೂರು’ ನಕ್ಷೆಗಳನ್ನು ಸುಮ್ನೆ ಅಳಿಸಿಬಿಡಬಹುದು.

ಆದರೆ ಈ ಮೀಟರುಗಳ ಲೆಕ್ಕವನ್ನೇ ನೆಚ್ಚಿಕೊಂಡು ಕೂತರೂ ಮೋಸ ಹೋಗುತ್ತೇವೆ. ಮೇಲಿನ ಲೆಕ್ಕದಲ್ಲಿ ಕಡೆಗೆ ಬಂದ, 30 ಸೆಂಟಿಮೀಟರಿನ ಬಡಪಾಯಿ ಬೆಟ್ಟದ ಹಿಮ ಇದೆಯಲ್ಲ, ಭಾರತದಲ್ಲಿ ಊರುಗಳನ್ನು ಕೊಚ್ಚಿಕೊಂಡು ಹೋಗಿರುವುದು ಅದೇ. 58 ಮೀಟರಿನ ಅಂಟಾರ್ಕ್ಟಿಕಾ ಅಲ್ಲ. ಹಿಮ ಕರಗಿದ ಸುದ್ದಿ ಓದಿದಾಗ ಎಷ್ಟು ಕರಗಿತು ಅಂತ ಕೇಳುತ್ತೇವೆ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ್ದು, ಕರಗಿದ್ದು ಯಾವ ಹಿಮ, ಅದು ಎಲ್ಲಿ ಕೂತಿತ್ತು ಅಂತ. ಸಮುದ್ರದಲ್ಲಿ ತೇಲುವ ಹಿಮ, ನೆಲದ ಮೇಲೆ ಕೂತ ಹಿಮ, ಬೆಟ್ಟದ ತುದಿಯ ಹಿಮ, ಮಣ್ಣೊಳಗೆ ಹೂತ ಹಿಮ. ಒಂದೊಂದು ಕರಗಿದಾಗಲೂ ಪೆಟ್ಟು ಬೀಳುವ ಜಾಗ ಬೇರೆ, ಬೀಳುವ ರೀತಿಯೂ ಬೇರೆ.

ತೇಲುವ ಹಿಮ ಸಮುದ್ರವನ್ನು ಏರಿಸುವುದಿಲ್ಲ

ಉತ್ತರ ಧ್ರುವದಲ್ಲಿ ನೆಲವಿಲ್ಲ. ಅಲ್ಲಿರುವುದು ಸಮುದ್ರ, ಅದರ ಮೇಲೆ ಕೆಲವು ಮೀಟರ್ ದಪ್ಪಕ್ಕೆ ಹೆಪ್ಪುಗಟ್ಟಿದ ನೀರು. ಈ ಹಿಮ ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ತಳ್ಳಿ ತೇಲುತ್ತಿದೆ. ಕರಗಿದರೆ ತಾನು ತಳ್ಳಿದ್ದ ಜಾಗವನ್ನೇ ತುಂಬುತ್ತದೆ. ಸಮುದ್ರದ ಮಟ್ಟ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ.

ಹಾಗಾದರೆ ಚಿಂತೆ ಯಾಕೆ? ಬಣ್ಣಕ್ಕಾಗಿ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 80ರಿಂದ 90ರಷ್ಟನ್ನು ವಾಪಸ್ ಆಕಾಶಕ್ಕೆ ಕಳಿಸುತ್ತದೆ. ಹಿಮ ಹೋಗಿ ಕಪ್ಪು ನೀರು ಕಾಣಿಸಿಕೊಂಡರೆ ಅದು ಬರೀ ಶೇಕಡಾ 6ರಷ್ಟನ್ನು ವಾಪಸ್ ಕಳಿಸಿ ಮಿಕ್ಕಿದ್ದನ್ನೆಲ್ಲ ಕುಡಿದುಬಿಡುತ್ತದೆ. ನೀರು ಬಿಸಿಯಾದಷ್ಟೂ ಹಿಮ ಇನ್ನಷ್ಟು ಕರಗುತ್ತದೆ, ಇನ್ನಷ್ಟು ಕಪ್ಪು ನೀರು ಬಯಲಾಗುತ್ತದೆ. 1979ರಿಂದ ಈಚೆಗೆ ಉತ್ತರ ಧ್ರುವ ಪ್ರದೇಶ ಜಗತ್ತಿನ ಸರಾಸರಿಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಅಲ್ಲಿ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಹಿಮ ಅತಿ ಕಡಿಮೆ ಇರುತ್ತದೆ. ಆ ಸೆಪ್ಟೆಂಬರ್ ಹಿಮ ಹತ್ತು ವರ್ಷಕ್ಕೆ ಸುಮಾರು ಶೇಕಡಾ 12ರ ಲೆಕ್ಕದಲ್ಲಿ ಕುಗ್ಗುತ್ತಾ ಬಂದಿದೆ. 2012ರ ಸೆಪ್ಟೆಂಬರಿನಲ್ಲಿ ಅದು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ಆ ದಾಖಲೆ ಇನ್ನೂ ಮುರಿದಿಲ್ಲ. ಆದರೆ 1980, 90ರ ದಶಕಗಳ ಮಟ್ಟಕ್ಕೆ ಹಿಮ ವಾಪಸ್ ಹೋಗಿಯೂ ಇಲ್ಲ.

ಬಣ್ಣದ ಜೊತೆಗೆ ಇನ್ನೊಂದು ವಿಷಯವಿದೆ, ಇದರ ಬಗ್ಗೆ ಮಾತು ಕಡಿಮೆ. 0 ಡಿಗ್ರಿಯ ಒಂದು ಕೆಜಿ ಮಂಜುಗಡ್ಡೆಯನ್ನು 0 ಡಿಗ್ರಿಯ ನೀರಾಗಿಸಲು ಎಷ್ಟು ಶಾಖ ಬೇಕೋ, ಅಷ್ಟೇ ಶಾಖದಲ್ಲಿ ಆ ಒಂದು ಕೆಜಿ ನೀರನ್ನು ಸುಮಾರು 80 ಡಿಗ್ರಿಗೆ ಕಾಯಿಸಬಹುದು. ಅಂದರೆ ಹಿಮ ಇರುವ ತನಕ ಅದು ಶಾಖವನ್ನು ನುಂಗಿಕೊಂಡು ಕೂರುತ್ತದೆ, ಥರ್ಮಾಮೀಟರಿನಲ್ಲಿ ಏನೂ ಕಾಣುವುದಿಲ್ಲ. ಹಿಮ ಮುಗಿದ ಮೇಲೆ ಅಷ್ಟೇ ಶಾಖ ನೇರವಾಗಿ ಸಮುದ್ರವನ್ನು ಕಾಯಿಸುತ್ತದೆ.

ಇದಕ್ಕೂ ನಮಗೂ ಏನು ಸಂಬಂಧ ಅನ್ನಿಸಬಹುದು. ಭಾರತ 2008ರಿಂದ ಉತ್ತರ ಧ್ರುವಕ್ಕೆ ಹತ್ತಿರದ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ‘ಹಿಮಾದ್ರಿ’ ಅನ್ನುವ ಸಂಶೋಧನಾ ಠಾಣೆ ನಡೆಸುತ್ತಿರುವುದು ಈ ಸಂಬಂಧ ಹುಡುಕಲಿಕ್ಕೇ. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿದ್ದ ತಂಡವೊಂದು 2021ರಲ್ಲಿ ಒಂದು ಲೆಕ್ಕ ಮುಂದಿಟ್ಟಿತು. ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾದ ವರ್ಷಗಳಿಗೂ, ಮಧ್ಯ ಭಾರತದಲ್ಲಿ ಸೆಪ್ಟೆಂಬರಿನಲ್ಲಿ ಸುರಿಯುವ ವಿಪರೀತ ಮಳೆಗೂ ನಂಟು ಇರಬಹುದು ಅಂತ. ‘ಇರಬಹುದು’ ಅನ್ನುವುದನ್ನು ಗಮನಿಸಿ. ಇದನ್ನೇ ಹಿಡಿದುಕೊಂಡು ಪ್ರತಿ ಮಳೆಗೂ ಧ್ರುವದ ಹಿಮವೇ ಕಾರಣ ಅನ್ನಲು ಆಗುವುದಿಲ್ಲ.

ಒಂದು ವರ್ಷಕ್ಕೆ 190 ಕೆಆರ್‌ಎಸ್

ಗ್ರೀನ್‌ಲ್ಯಾಂಡಿನ ಕತೆ ಬೇರೆ. ಅಲ್ಲಿನ ಹಿಮ ಬಂಡೆಯ ಮೇಲೆ ಕೂತಿದೆ. ಕರಗಿ ಸಮುದ್ರ ಸೇರಿದ ಪ್ರತಿ ಹನಿಯೂ ಹೊಸ ನೀರು. 2002ರಿಂದ ಈಚಿನ ಅಳತೆಗಳ ಪ್ರಕಾರ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ. ಈ ಸಂಖ್ಯೆ ಓದಿದರೆ ತಲೆಗೆ ಏನೂ ಹೋಗುವುದಿಲ್ಲ. ಟಿಎಂಸಿಗೆ ತಂದರೆ ನಮಗೆ ತಿಳಿಯುತ್ತದೆ. ಸುಮಾರು 9,500 ಟಿಎಂಸಿ. ಕೆಆರ್‌ಎಸ್ ಭರ್ತಿಯಾದಾಗ 49.45 ಟಿಎಂಸಿ. ಅಂದರೆ ತುಂಬಿ ತುಳುಕುವ 190 ಕೆಆರ್‌ಎಸ್‌ಗಳನ್ನು ಪ್ರತಿ ವರ್ಷ ಅಟ್ಲಾಂಟಿಕ್ ಸಾಗರಕ್ಕೆ ಸುರಿದಂತೆ. ಇಷ್ಟಾದರೂ ಜಗತ್ತಿನ ಸಮುದ್ರ ಏರುವುದು ಮುಕ್ಕಾಲು ಮಿಲಿಮೀಟರ್. ಸಮುದ್ರವನ್ನು ಒಂದು ಮಿಲಿಮೀಟರ್ ಏರಿಸಲು ಸುಮಾರು 36,000 ಕೋಟಿ ಟನ್ ನೀರು ಬೇಕು. ಸಮುದ್ರ ಅಷ್ಟು ದೊಡ್ಡದು.

ಇಷ್ಟು ದೊಡ್ಡ ಹಿಮದ ರಾಶಿಯನ್ನು ತೂಗಿದ್ದು ಹೇಗೆ? ತಕ್ಕಡಿ ಆಕಾಶದಲ್ಲಿದೆ. 2002ರಲ್ಲಿ ‘ಗ್ರೇಸ್’ ಅನ್ನುವ ಎರಡು ಉಪಗ್ರಹಗಳನ್ನು ಹಾರಿಸಿದರು. ಒಂದರ ಹಿಂದೆ ಇನ್ನೊಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ. ಕೆಳಗೆ ಭಾರವಾದ ಜಾಗ ಬಂದಾಗ ಮುಂದಿನದನ್ನು ಭೂಮಿಯ ಗುರುತ್ವ ತುಸು ಜಾಸ್ತಿ ಎಳೆಯುತ್ತದೆ, ಎರಡರ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾಗುತ್ತದೆ. ಅದನ್ನು ಅಳೆದು ಕೆಳಗಿನ ಹಿಮದ ತೂಕ ಹೇಳುತ್ತಾರೆ. ಆ ಜೋಡಿಯ ಕೆಲಸ ಮುಗಿದ ಮೇಲೆ 2018ರಲ್ಲಿ ಇನ್ನೊಂದು ಜೋಡಿ ಹೋಯಿತು.

ಈ ಗುರುತ್ವದಿಂದಲೇ ಇನ್ನೊಂದು ವಿಚಿತ್ರವೂ ಹುಟ್ಟುತ್ತದೆ. ಹಿಮ ಕರಗುವ ವಿಷಯದಲ್ಲಿ ನನಗೆ ಅತಿ ಸ್ವಾರಸ್ಯ ಅನ್ನಿಸುವುದು ಇದೇ. ಗ್ರೀನ್‌ಲ್ಯಾಂಡಿನ ಹಿಮ ಎಷ್ಟು ಭಾರ ಅಂದರೆ, ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನೇ ತನ್ನ ಕಡೆಗೆ ಎಳೆದುಕೊಂಡಿದೆ. ಅದರ ದಡದಲ್ಲಿ ನೀರು ಸಹಜ ಮಟ್ಟಕ್ಕಿಂತ ಮೇಲೆ ನಿಂತಿದೆ. ಹಿಮ ಕರಗಿದಂತೆ ಆ ಎಳೆತ ಕಮ್ಮಿಯಾಗುತ್ತದೆ, ನೀರು ಸಡಿಲವಾಗಿ ದೂರ ಸರಿಯುತ್ತದೆ. ಫಲವೇನು? ಗ್ರೀನ್‌ಲ್ಯಾಂಡ್ ಕರಗಿದರೆ ಅದರ ಸುತ್ತ ಸುಮಾರು 2,000 ಕಿಲೋಮೀಟರ್ ತನಕ ಸಮುದ್ರ ಏರುವುದಿಲ್ಲ, ಇಳಿಯುತ್ತದೆ! ದೂರದ ಸಮುದ್ರಗಳಲ್ಲಿ ಸರಾಸರಿಗಿಂತ ಜಾಸ್ತಿ ಏರುತ್ತದೆ. ಅಂಟಾರ್ಕ್ಟಿಕಾಕ್ಕೂ ಇದೇ ಲೆಕ್ಕ. ಉತ್ತರದ್ದು ಕರಗಿದರೂ ದಕ್ಷಿಣದ್ದು ಕರಗಿದರೂ ನಡುವೆ ಇರುವ ಉಷ್ಣವಲಯದ ದೇಶಗಳಿಗೆ ತಪ್ಪಿದ್ದಲ್ಲ. ಹಿಮವನ್ನೇ ನೋಡದ ಊರುಗಳಿಗೆ ಹಿಮದ ನೀರು ಜಾಸ್ತಿ ಹೋಗುತ್ತದೆ ಅನ್ನುವುದು ಅನ್ಯಾಯದ ಹಾಗೆ ಕೇಳಿಸುತ್ತದೆ. ಆದರೆ ಇದು ಬರೀ ಭೌತಶಾಸ್ತ್ರ, ಯಾರನ್ನು ಬೈಯುವುದು?

ಭಾರ ಇಳಿದ ನೆಲವೂ ಸುಮ್ಮನಿರುವುದಿಲ್ಲ. ಸುಮಾರು 20,000 ವರ್ಷದ ಹಿಂದೆ ಸ್ವೀಡನ್, ಫಿನ್‌ಲ್ಯಾಂಡುಗಳ ಮೇಲೆ ಹತ್ತಿರ ಹತ್ತಿರ 3 ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ಕುಸಿದ ನೆಲ, ಹಿಮ ಹೋಗಿ ಸಾವಿರಾರು ವರ್ಷ ಆದರೂ ಇನ್ನೂ ಮೇಲೆ ಬರುತ್ತಲೇ ಇದೆ. ಬಾತ್ನಿಯಾ ಕೊಲ್ಲಿಯ ಕೆಲವು ಕಡೆ ವರ್ಷಕ್ಕೆ ಸುಮಾರು 9 ಮಿಲಿಮೀಟರ್. ಹೀಗಾಗಿ ಫಿನ್‌ಲ್ಯಾಂಡಿಗೆ ವರ್ಷಕ್ಕೆ 7 ಚದರ ಕಿಲೋಮೀಟರಿನಷ್ಟು ಹೊಸ ನೆಲ ಸಿಗುತ್ತಿದೆ. ಜಗತ್ತಿಗೆಲ್ಲ ಸಮುದ್ರ ಏರುವ ಚಿಂತೆ, ಅಲ್ಲಿ ದೋಣಿ ಕಟ್ಟುವ ಜಾಗ ನೀರಿನಿಂದ ದೂರ ಹೋಗುವ ಚಿಂತೆ.

ಭೂಮಿ ತಿರುಗುವ ವೇಗಕ್ಕೂ ಇದರ ಬಿಸಿ ತಟ್ಟಿದೆ. ಧ್ರುವದಲ್ಲಿದ್ದ ತೂಕ ನೀರಾಗಿ ಭೂಮಧ್ಯರೇಖೆಯ ಕಡೆ ಹರಡಿದಾಗ ಭೂಮಿ ತುಸು ನಿಧಾನವಾಗುತ್ತದೆ, ದಿನ ಉದ್ದವಾಗುತ್ತದೆ. 2000ದಿಂದ ಈಚೆಗೆ ಈ ಕಾರಣಕ್ಕೇ ದಿನ ಉದ್ದವಾಗುತ್ತಿರುವ ವೇಗ ಶತಮಾನಕ್ಕೆ 1.33 ಮಿಲಿಸೆಕೆಂಡ್ ಅಂತ 2024ರ ಒಂದು ಅಧ್ಯಯನ ಹೇಳಿತು. ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ, ಬೇರೆ ಕಾರಣಗಳಿಂದ ಭೂಮಿ ಈಚೆಗೆ ತುಸು ವೇಗ ಪಡೆದಿರುವುದರಿಂದ ಜಗತ್ತಿನ ಗಡಿಯಾರಗಳಿಂದ ಒಂದು ಸೆಕೆಂಡ್ ಕಳೆಯಬೇಕಾದ ಸಂದರ್ಭ 2026ರಲ್ಲೇ ಬರುತ್ತಿತ್ತಂತೆ. ಹಿಮ ಕರಗುತ್ತಿರುವುದರಿಂದ ಅದು 2029ಕ್ಕೆ ಮುಂದೆ ಹೋಗಿದೆ. ನಮ್ಮ ನಿಮ್ಮ ಬದುಕಿಗೆ ಇದರಿಂದ ಏನೂ ಆಗದು. ಕಂಪ್ಯೂಟರಿನವರಿಗೆ ಮೂರು ವರ್ಷ ಬಿಡುವು ಸಿಕ್ಕಿತು, ಅಷ್ಟೇ.

ಅಂಟಾರ್ಕ್ಟಿಕಾದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಬಿಸಿಲಿಗಿಂತ ಕೆಳಗಿನ ನೀರಿನದೇ ಕಾಟ. ಪಶ್ಚಿಮ ಭಾಗದ ಥ್ವೇಟ್ಸ್ ಹಿಮನದಿ ಕೂತಿರುವ ಬಂಡೆ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಒಳಗೆ ಹೋದಂತೆ ಇನ್ನೂ ಆಳವಾಗುತ್ತದೆ. ಬೆಚ್ಚಗಿನ ಸಮುದ್ರದ ನೀರು ಅಡಿಯಿಂದ ನುಗ್ಗಿ ಅದನ್ನು ಕೊರೆಯುತ್ತಿದೆ. ಥ್ವೇಟ್ಸ್ ಒಂದೇ ಪೂರ್ತಿ ಹೋದರೆ ಸಮುದ್ರ 65 ಸೆಂಟಿಮೀಟರ್ ಏರುತ್ತದೆ. ಯಾವಾಗ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ.

ನಮ್ಮ ಕರಾವಳಿಗೆ ಬಂದರೆ

1901ರಿಂದ 2018ರ ತನಕ ಜಗತ್ತಿನ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ. ನೀರು ಬಿಸಿಯಾಗಿ ಹಿಗ್ಗಿದ್ದೂ ಇದರಲ್ಲಿ ಸೇರಿದೆ, ಹಿಮ ಕರಗಿದ್ದೂ ಸೇರಿದೆ. ಈಚಿನ ವರ್ಷಗಳಲ್ಲಿ ಹಿಮದ ಪಾಲೇ ಜಾಸ್ತಿ. ಭಾರತದ ಸುತ್ತಲಿನ ಸಮುದ್ರ 1993ರ ನಂತರ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಲೆಕ್ಕದಲ್ಲಿ ಏರುತ್ತಿದೆ ಅಂತ ಕೇಂದ್ರ ಭೂ ವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. 1874ರಿಂದ 2004ರ ತನಕದ ಲೆಕ್ಕದಲ್ಲಿ ಇದು 1.06ರಿಂದ 1.75 ಮಿಲಿಮೀಟರ್ ಇತ್ತು. ಅಂದರೆ ವೇಗ ಎರಡು ಪಟ್ಟಾಗಿದೆ.

ಇಲ್ಲಿ ಒಂದು ಎಚ್ಚರಿಕೆ. ಉಳ್ಳಾಲದಲ್ಲೋ ಮರವಂತೆಯಲ್ಲೋ ಕಡಲ್ಕೊರೆತಕ್ಕೆ ತೆಂಗಿನ ಮರ ಉರುಳಿದಾಗ ಟಿವಿಯಲ್ಲಿ ‘ಹವಾಮಾನ ಬದಲಾವಣೆಯ ಹೊಡೆತ’ ಅಂತ ಬರುತ್ತದೆ. ಅದು ಅರ್ಧ ಸತ್ಯ. ದಡ ಕೊರೆಯುವುದರ ಹಿಂದೆ ಅಳಿವೆಗಳಲ್ಲಿ ಹಾಕಿದ ತಡೆಗೋಡೆಗಳಿವೆ, ನದಿಗಳಿಂದ ತೆಗೆದ ಮರಳು ಇದೆ, ಅಣೆಕಟ್ಟುಗಳಲ್ಲಿ ನಿಂತುಹೋದ ಹೂಳು ಇದೆ, ಒಂದು ಕಡೆ ಕಲ್ಲು ಸುರಿದರೆ ಪಕ್ಕದ ಊರಿನ ದಡ ಹೋಗುವ ಕರಾವಳಿಯ ಹಳೆಯ ಪಾಡು ಇದೆ. ವರ್ಷಕ್ಕೆ 3 ಮಿಲಿಮೀಟರ್ ಏರುವ ನೀರು ತಾನೊಂದೇ ಮನೆ ಬೀಳಿಸುವುದಿಲ್ಲ. ಎಲ್ಲ ತಪ್ಪನ್ನೂ ಗ್ರೀನ್‌ಲ್ಯಾಂಡಿನ ಮೇಲೆ ಹಾಕಿದರೆ ಇಲ್ಲಿ ಮರಳು ತೆಗೆದವರಿಗೇ ಅನುಕೂಲ, ಅಲ್ವಾ?

ಹಿಮದ ನೀರಿನ ಪೆಟ್ಟು ಬೀಳುವುದು ಸದ್ದಿಲ್ಲದ ಜಾಗಗಳಲ್ಲಿ. ಕುಮಟಾದ ಅಘನಾಶಿನಿ ಅಳಿವೆಯ ಸುತ್ತ ಗಜನಿ ಭೂಮಿ ಇದೆ. ಉಬ್ಬರದಲ್ಲಿ ಉಪ್ಪು ನೀರು ಬಂದು ಹೋಗುವ ತಗ್ಗು ಗದ್ದೆಗಳು. ಒಡ್ಡು ಕಟ್ಟಿಕೊಂಡು ಅಲ್ಲಿನ ರೈತರು ತಲೆಮಾರುಗಳಿಂದ ಕಗ್ಗ ಭತ್ತ ಬೆಳೆದುಕೊಂಡು ಬಂದಿದ್ದಾರೆ. ಕಗ್ಗ ಉಪ್ಪನ್ನು ತಡೆದುಕೊಳ್ಳುತ್ತದೆ, ಕೆಲವು ದಿನ ಮುಳುಗಿದರೂ ಬದುಕುತ್ತದೆ. ಆದರೆ ಈ ಬೇಸಾಯವೆಲ್ಲ ನಿಂತಿರುವುದು ಉಬ್ಬರ ಎಲ್ಲಿಗೆ ಬರುತ್ತದೆ ಅನ್ನುವ ಅಂದಾಜಿನ ಮೇಲೆ. ಸಮುದ್ರ ಕೆಲವು ಸೆಂಟಿಮೀಟರ್ ಏರಿದರೆ ಒಡ್ಡು ಎತ್ತರಿಸಬೇಕು. ಎತ್ತರಿಸುವ ದುಡ್ಡು, ಕೂಲಿ ಎಲ್ಲಿಂದ ತರುವುದು ಅನ್ನುವುದು ಅವರ ಮುಂದಿರುವ ಪ್ರಶ್ನೆ. ಅಳಿವೆಯ ಆಸುಪಾಸಿನ ಬಾವಿಗಳಿಗೂ ಬೇಸಿಗೆಯಲ್ಲಿ ಉಪ್ಪು ನೀರು ನುಗ್ಗುವುದಕ್ಕೆ ದಾರಿ ಸಲೀಸಾಗುತ್ತದೆ. ನಮ್ಮ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಇಂಥ ಅಳಿವೆಗಳು ಒಂದೆರಡಲ್ಲ.

2035ರ ಎಡವಟ್ಟು

ಇನ್ನು ಹಿಮಾಲಯ. ಇಲ್ಲಿ ಮೊದಲು ಒಂದು ಹಳೆಯ ರಗಳೆಯನ್ನು ನೆನಪಿಸಿಕೊಳ್ಳಬೇಕು. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2007ರ ತನ್ನ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ, ಇಲ್ಲವೇ ಇನ್ನೂ ಮೊದಲೇ ಮಾಯವಾಗುವ ಸಾಧ್ಯತೆ ಬಹಳ ಜಾಸ್ತಿ ಅಂತ ಬರೆದಿತ್ತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ವಿ. ಕೆ. ರೈನಾ 2009ರಲ್ಲಿ ಪರಿಸರ ಸಚಿವಾಲಯಕ್ಕೆ ಬರೆದ ವರದಿಯಲ್ಲಿ ಅಷ್ಟು ಭೀಕರ ಚಿತ್ರ ಇರಲಿಲ್ಲ. ಆಗ ಆ ಸಮಿತಿಯ ಅಧ್ಯಕ್ಷರಾಗಿದ್ದ ಆರ್. ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಅನ್ನುವ ಅರ್ಥದಲ್ಲಿ ತಳ್ಳಿಹಾಕಿದರು. ಆದರೆ 2010ರ ಜನವರಿಯಲ್ಲಿ ಸಮಿತಿಯೇ 2035ರ ಮಾತಿಗೆ ಗಟ್ಟಿ ಆಧಾರ ಇರಲಿಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ಆ ಸಂಖ್ಯೆ ಬಂದಿದ್ದು ಸಂಶೋಧನಾ ಪ್ರಬಂಧದಿಂದಲ್ಲ. 1999ರ ಒಂದು ಪತ್ರಿಕಾ ಸಂದರ್ಶನ, ಅದನ್ನು ಎತ್ತಿಕೊಂಡ ಒಂದು ಸಂಸ್ಥೆಯ ವರದಿ, ಹೀಗೆ ಕೈಯಿಂದ ಕೈಗೆ ದಾಟಿ ಬಂದಿತ್ತು. 1996ರ ಇನ್ನೊಂದು ದಾಖಲೆಯಲ್ಲಿ 2350 ಅಂತ ಇತ್ತು.

ಇದರಿಂದ ಎರಡು ಕಡೆಯೂ ಕೆಟ್ಟದ್ದಾಯಿತು. ಹಿಮ ಕರಗುವುದೇ ಸುಳ್ಳು ಅನ್ನುವವರಿಗೆ ಒಂದು ಅಸ್ತ್ರ ಸಿಕ್ಕಿತು. ಇನ್ನೊಂದು ಕಡೆ ‘2035ಕ್ಕೆ ಗಂಗೆ ಬತ್ತುತ್ತಾಳೆ’ ಅನ್ನುವ ಮಾತು ಇವತ್ತಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ನಿಜ ಇವೆರಡರ ನಡುವೆ ಇದೆ, ಅದೇನೂ ನೆಮ್ಮದಿ ಕೊಡುವಂಥದ್ದಲ್ಲ. ಕಠ್ಮಂಡುವಿನ ಅಂತರರಾಷ್ಟ್ರೀಯ ಪರ್ವತ ಅಭಿವೃದ್ಧಿ ಕೇಂದ್ರ 2023ರಲ್ಲಿ ಹೇಳಿದ ಪ್ರಕಾರ, 2011ರಿಂದ 2020ರ ನಡುವೆ ಹಿಂದೂಕುಶ್ ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ಜಾಸ್ತಿ ವೇಗದಲ್ಲಿ ಕರಗಿವೆ. ಬಿಸಿ ಏರಿಕೆ 1.5ರಿಂದ 2 ಡಿಗ್ರಿಯಲ್ಲಿ ನಿಂತರೂ ಶತಮಾನದ ಕೊನೆಗೆ 30ರಿಂದ 50 ಭಾಗ ಹಿಮ ಹೋಗುತ್ತದೆ. ಹದ್ದು ಮೀರಿದರೆ 80 ಭಾಗದ ತನಕ.

ಎಲ್ಲ ಹಿಮನದಿಗಳೂ ಒಂದೇ ತರಹ ಕರಗುವುದೂ ಇಲ್ಲ. ಕಾರಕೋರಂನ ಎಷ್ಟೋ ಹಿಮನದಿಗಳು ಈಚಿನ ತನಕವೂ ಹೆಚ್ಚುಕಮ್ಮಿ ಇದ್ದ ಹಾಗೇ ಇದ್ದವು, ಕೆಲವು ಬೆಳೆದಿವೆ ಕೂಡ. ಹಿಮದ ಮೇಲೆ ಮಸಿ, ದೂಳು ತೆಳ್ಳಗೆ ಕೂತರೆ ಅದು ಬಿಸಿಲು ಹೀರಿ ಬೇಗ ಕರಗಿಸುತ್ತದೆ. ಅದೇ ಕಲ್ಲು ಮಣ್ಣು ಕೆಲವು ಸೆಂಟಿಮೀಟರ್ ದಪ್ಪಕ್ಕೆ ಮುಚ್ಚಿಕೊಂಡರೆ ಬಿಸಿಲು ಕೆಳಗೆ ಇಳಿಯದೆ ಹಿಮ ಉಳಿಯುತ್ತದೆ. ಗೋಮುಖಕ್ಕೆ ಹೋದವರು ನೋಡಿರುತ್ತಾರೆ, ಗಂಗೋತ್ರಿ ಹಿಮನದಿಯ ಕೆಳಭಾಗ ಬೆಳ್ಳಗಿಲ್ಲ, ಕಲ್ಲು ಕ್ವಾರಿಯ ಹಾಗಿದೆ.

ನದಿಗಳ ವಿಷಯದಲ್ಲೂ ಒಂದು ತಿರುವು ಇದೆ. ಹಿಮ ಕರಗುವಾಗ ಮೊದಮೊದಲು ನದಿಯಲ್ಲಿ ನೀರು ಜಾಸ್ತಿಯಾಗುತ್ತದೆ. ಕೆಲವು ದಶಕ ಎಲ್ಲರಿಗೂ ಖುಷಿ. ಹಿಮದ ರಾಶಿಯೇ ಚಿಕ್ಕದಾದ ಮೇಲೆ ನೀರು ಇಳಿಯಲು ಶುರುವಾಗುತ್ತದೆ, ಆಮೇಲೆ ಏರುವುದಿಲ್ಲ. ಪೆರುವಿನ ಕೆಲವು ನದಿಗಳು ಈ ತುದಿಯನ್ನು ಆಗಲೇ ದಾಟಿವೆ. ಬೊಲಿವಿಯಾದ ಚಕಲ್ತಾಯ ಹಿಮನದಿ 2009ರಲ್ಲೇ ಇಲ್ಲವಾಯಿತು. ಒಂದು ಕಾಲದಲ್ಲಿ ಅಲ್ಲಿ ಜಗತ್ತಿನ ಅತಿ ಎತ್ತರದ ಸ್ಕೀಯಿಂಗ್ ತಾಣ ಇತ್ತು. ಹಿಮಾಲಯದ ನದಿಗಳಿಗೆ ಆ ತುದಿ ಈ ಶತಮಾನದ ನಡುವೆ ಬರುವ ಅಂದಾಜಿದೆ. ಇದರ ಬಿಸಿ ಹೆಚ್ಚು ತಟ್ಟುವುದು ಸಿಂಧೂ ನದಿಗೆ, ಹಿಮದ ನೀರನ್ನು ಅದು ಅಷ್ಟು ನೆಚ್ಚಿಕೊಂಡಿದೆ. ಗಂಗೆಯ ಬಯಲಿಗೆ ಮುಖ್ಯವಾಗಿ ಮುಂಗಾರೇ ಆಧಾರ. ಕಾವೇರಿ, ಕೃಷ್ಣಾ, ತುಂಗಭದ್ರಾಗಳಿಗೆ ಹಿಮನದಿಯ ಹಂಗೇ ಇಲ್ಲ, ಅವು ಪೂರ್ತಿ ಮಳೆಯ ಮಕ್ಕಳು.

ಮಣ್ಣೊಳಗಿನ ಹಿಮದ ಬಗ್ಗೆಯೂ ಇಲ್ಲೇ ಒಂದು ಮಾತು. ಸೈಬೀರಿಯಾ, ಅಲಾಸ್ಕಾ, ಕೆನಡಾಗಳಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಲ್ಲಿ, ಇಡೀ ವಾತಾವರಣದಲ್ಲಿ ಈಗ ಇರುವುದರ ಸುಮಾರು ಎರಡರಷ್ಟು ಇಂಗಾಲ ಹೂತುಕೊಂಡಿದೆ. ಅದು ಕರಗಿದರೆ ಕೊಳೆತು ಮೇಲೆ ಬರುತ್ತದೆ. 2016ರ ಬೇಸಿಗೆಯಲ್ಲಿ ರಷ್ಯಾದ ಯಮಾಲ್‌ನಲ್ಲಿ ಆಂಥ್ರಾಕ್ಸ್ ಅನ್ನುವ ಸೋಂಕು ರೋಗ ಕಾಣಿಸಿಕೊಂಡು 2,000ಕ್ಕೂ ಹೆಚ್ಚು ಹಿಮಸಾರಂಗಗಳೂ ಒಬ್ಬ ಹುಡುಗನೂ ಸತ್ತಾಗ, ಕರಗಿದ ನೆಲದಿಂದ ಹೊರಬಂದ ಹಳೆಯ ಕಳೇಬರದ ಮೇಲೆ ಅನುಮಾನ ಬಿತ್ತು. ಬೆಟ್ಟಗಳಲ್ಲಿ ಈ ನೆಲದ ಹಿಮಕ್ಕೆ ಇನ್ನೊಂದು ಕೆಲಸವೂ ಇದೆ. ಸಡಿಲ ಕಲ್ಲುಗಳನ್ನು ಅಂಟಿನ ಹಾಗೆ ಹಿಡಿದಿಡುವುದು ಅದೇ. ಸಿಕ್ಕಿಂನಲ್ಲಿ ಆ ಅಂಟು ಬಿಟ್ಟುಕೊಂಡಿತು.

ದಕ್ಷಿಣ ಲೊನಾಕ್

ಹಿಮನದಿ ಇಳಿಜಾರಿನಲ್ಲಿ ಸರಿಯುವಾಗ ಕಲ್ಲು, ಮಣ್ಣುಗಳನ್ನು ಮುಂದಕ್ಕೆ ತಳ್ಳಿ ಗುಡ್ಡೆ ಹಾಕುತ್ತದೆ. ಆಮೇಲೆ ಕರಗಿ ಹಿಂದೆ ಸರಿದಾಗ, ಆ ಗುಡ್ಡೆಗೂ ಹಿಮಕ್ಕೂ ನಡುವೆ ತಗ್ಗು ಉಳಿಯುತ್ತದೆ. ಅಲ್ಲಿ ನೀರು ನಿಂತು ಸರೋವರವಾಗುತ್ತದೆ. ಕಟ್ಟೆ ಅನ್ನುವುದು ಇದ್ದರೆ ಆ ಕಲ್ಲು ಮಣ್ಣಿನ ರಾಶಿ, ಅಷ್ಟೇ. ಸಿಮೆಂಟಿಲ್ಲ, ಗೇಟಿಲ್ಲ, ನೋಡಿಕೊಳ್ಳುವ ಎಂಜಿನಿಯರ್ ಇಲ್ಲ. 10 ಹೆಕ್ಟೇರಿಗಿಂತ ದೊಡ್ಡ 2,431 ಹಿಮನದಿ ಸರೋವರಗಳು ಹಿಮಾಲಯದ ನದಿ ಕಣಿವೆಗಳಲ್ಲಿವೆ ಅಂತ ಇಸ್ರೋ ಲೆಕ್ಕ. ಅವುಗಳಲ್ಲಿ 676 ಸರೋವರಗಳು 1984ರಿಂದ ಈಚೆಗೆ ಎದ್ದು ಕಾಣುವಷ್ಟು ಹಿಗ್ಗಿವೆ. ಆ 676ರಲ್ಲಿ 130 ಭಾರತದ ಒಳಗೇ ಇವೆ.

ಉತ್ತರ ಸಿಕ್ಕಿಂನಲ್ಲಿ ಸುಮಾರು 5,200 ಮೀಟರ್ ಎತ್ತರದಲ್ಲಿರುವ ದಕ್ಷಿಣ ಲೊನಾಕ್ ಅಂಥದ್ದೇ ಒಂದು. 1970ರ ದಶಕದಲ್ಲಿ ಅದೊಂದು ಚಿಕ್ಕ ಕೊಳ. 2023ರ ಹೊತ್ತಿಗೆ 167 ಹೆಕ್ಟೇರ್. ಅಪಾಯ ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಉಪಗ್ರಹ ಚಿತ್ರ ನೋಡಿದ ವಿಜ್ಞಾನಿಗಳು 2013ರಲ್ಲೇ ಎಚ್ಚರಿಸಿದ್ದರು. 2021ರಲ್ಲಿ ಅಶೀಂ ಸತ್ತಾರ್ ಮತ್ತು ಜೊತೆಗಾರರು, ಕಟ್ಟೆ ಒಡೆದರೆ ನೀರು ಕೆಳಗಿನ ಊರುಗಳಿಗೆ ಹೇಗೆ ಬರಬಹುದು ಅಂತ ಲೆಕ್ಕ ಹಾಕಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಅನಿಲ್ ಕುಲಕರ್ಣಿ ಕೂಡ ಆ ತಂಡದಲ್ಲಿದ್ದರು.

ಏನೂ ಮಾಡಲಿಲ್ಲ ಅನ್ನುವುದೂ ತಪ್ಪು. 2016ರಲ್ಲಿ ಲಡಾಖಿನ ಸೋನಂ ವಾಂಗ್ಚುಕ್ ಜೊತೆ ಸಿಕ್ಕಿಂನ ಅಧಿಕಾರಿಗಳು ಮೇಲೆ ಹತ್ತಿ, ಎಂಟು ಇಂಚಿನ ಮೂರು ಪೈಪುಗಳನ್ನು ಇಳಿಬಿಟ್ಟು, ಸೈಫನ್ ಮಾಡಿ ಸೆಕೆಂಡಿಗೆ 150 ಲೀಟರ್ ನೀರು ಹೊರಗೆ ಹರಿಸಿದರು. ಅಷ್ಟು ಎತ್ತರಕ್ಕೆ ಪೈಪು ಹೊತ್ತುಕೊಂಡು ಹೋಗುವುದೇ ಸಾಹಸ. ಆದರೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 150 ಲೀಟರ್ ಅಂದರೆ ದಿನಕ್ಕೆ ಸುಮಾರು 13,000 ಘನ ಮೀಟರ್. ಮುಂದೆ 2023ರ ಆ ರಾತ್ರಿ ಹೊರಬಿದ್ದ ನೀರು ಸುಮಾರು 5 ಕೋಟಿ ಘನ ಮೀಟರ್. ಅಷ್ಟನ್ನು ಈ ಪೈಪುಗಳಲ್ಲಿ ತೆಗೆಯಲು ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಅದೂ ಮೇಲಿನಿಂದ ಒಂದು ಹನಿಯೂ ಹೊಸದಾಗಿ ಬರಬಾರದು.

2023ರ ಸೆಪ್ಟೆಂಬರಿನಲ್ಲಿ ಸರೋವರದ ಬಳಿ ಕ್ಯಾಮೆರಾ, ಹವಾಮಾನ ಉಪಕರಣಗಳನ್ನು ನಿಲ್ಲಿಸಿದರು. ಕೆಳಗಿನ ಜನರಿಗೆ ಮುನ್ಸೂಚನೆ ಕೊಡುವ ವ್ಯವಸ್ಥೆಯ ಮೊದಲ ಹಂತ ಅದು. ಮಿಕ್ಕಿದ್ದು ಆಮೇಲೆ ಬರಬೇಕಿತ್ತು. ಅಕ್ಟೋಬರ್ 3ರ ರಾತ್ರಿ ಸರೋವರದ ಪಕ್ಕದ ಹೆಪ್ಪುಗಟ್ಟಿದ ದಿಬ್ಬದಿಂದ ಸುಮಾರು 1.47 ಕೋಟಿ ಘನ ಮೀಟರ್ ಕಲ್ಲು ಮಣ್ಣು ಜಾರಿ ನೀರಿಗೆ ಬಿತ್ತು. ಸುಮಾರು 20 ಮೀಟರ್ ಎತ್ತರದ ಅಲೆ ಎದ್ದಿತು, ಕಟ್ಟೆ ಕಿತ್ತುಹೋಯಿತು. ನಡುರಾತ್ರಿ ದಾಟುವ ಹೊತ್ತಿಗೆ ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್‌ನ ತೀಸ್ತಾ-3 ವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಗಿತ್ತು. ಕಟ್ಟೆಯ ನೀರೂ ಪ್ರವಾಹಕ್ಕೆ ಸೇರಿಕೊಂಡಿತು. ಬಾಂಗ್ಲಾದೇಶದ ತನಕ 385 ಕಿಲೋಮೀಟರ್ ಉದ್ದಕ್ಕೂ ಹಾನಿ. 55 ಮಂದಿ ಸತ್ತರು, 74 ಮಂದಿ ಕಾಣೆಯಾದರು. ಅವರಲ್ಲಿ ಸೇನೆಯ ಯೋಧರೂ ಇದ್ದರು.

ಈ ಲೆಕ್ಕದಲ್ಲಿ ತಡೆಯುವುದಕ್ಕೆ ಆಗದಿದ್ದದ್ದು, ಆಗಬಹುದಿದ್ದದ್ದು ಎರಡೂ ನನಗೆ ಬೇರೆ ಬೇರೆಯಾಗಿ ಕಾಣುತ್ತವೆ. ದಿಬ್ಬ ಜಾರುವುದನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ಆದರೆ ಕೆಳಗಿನವರಿಗೆ ಹೇಳಬಹುದಿತ್ತು. ನೇಪಾಳ 2000ದಲ್ಲಿ ತ್ಸೋ ರೋಲ್ಪಾ ಸರೋವರಕ್ಕೆ ಕಾಲುವೆ ತೋಡಿ ನೀರನ್ನು 3 ಮೀಟರ್ ಇಳಿಸಿತು. 2016ರಲ್ಲಿ ಎವರೆಸ್ಟ್ ಬಳಿಯ ಇಮ್ಜಾ ಸರೋವರದಲ್ಲೂ ಅದೇ ಕೆಲಸ ಮಾಡಿತು. ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಅನ್ನುವ ಹಳ್ಳಿಯ ಮೇಲೆ ಬಿರ್ಚ್ ಹಿಮನದಿ ಕಲ್ಲು ಮಣ್ಣಿನ ಸಮೇತ ಕುಸಿದದ್ದು 2025ರ ಮೇ 28ರಂದು. ಊರಿನ ಬಹುಪಾಲು ಹೂತುಹೋಯಿತು. ಆದರೆ ಬೆಟ್ಟ ಅಲುಗುವುದನ್ನು ಅಳೆಯುತ್ತಿದ್ದವರು ಒಂದು ವಾರಕ್ಕೂ ಮೊದಲೇ ಸುಮಾರು 300 ಜನರನ್ನು ಊರಿನಿಂದ ಖಾಲಿ ಮಾಡಿಸಿದ್ದರು. ಹೋದ ಜೀವ ಒಂದು.

ಕಾಕತಾಳೀಯ ಅನ್ನಿ, ಅದೇ ಮೇ 28ರಂದು ಜರ್ಮನಿಯ ಹಾಮ್ ನಗರದ ನ್ಯಾಯಾಲಯ ಇನ್ನೊಂದು ಹಿಮನದಿ ಸರೋವರದ ಬಗ್ಗೆ ತೀರ್ಪು ಕೊಟ್ಟಿತು. ಪೆರುವಿನ ವಾರಾಸ್ ಊರಿನ ರೈತ ಸೌಲ್ ಲೂಸಿಯಾನೊ ಯೂಯಾ, ತನ್ನ ಮನೆಯ ಮೇಲ್ಭಾಗದ ಪಾಲ್ಕಕೋಚಾ ಸರೋವರ ಹಿಗ್ಗಿರುವುದಕ್ಕೆ ಜರ್ಮನಿಯ ಆರ್‌ಡಬ್ಲ್ಯುಇ ವಿದ್ಯುತ್ ಕಂಪನಿಯ ಹೊಗೆಯೂ ಕಾರಣ, ತಡೆಗಟ್ಟುವ ಖರ್ಚಿನಲ್ಲಿ ಅದರ ಪಾಲು ಕೊಡಲಿ ಅಂತ ದಾವೆ ಹಾಕಿದ್ದ. ಅದೇ ಸರೋವರ 1941ರಲ್ಲಿ ಒಡೆದು ವಾರಾಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ದಾವೆ ಬಿತ್ತು, ಅವನ ಮನೆಗೆ ಅಪಾಯ ಅಷ್ಟು ಹತ್ತಿರ ಇಲ್ಲ ಅಂತ. ಆದರೆ ತತ್ವದ ಮಟ್ಟಿಗೆ ಹೊಗೆ ಬಿಟ್ಟವರನ್ನು ಹೊಣೆ ಮಾಡಬಹುದು ಅಂತ ನ್ಯಾಯಾಲಯ ಹೇಳಿತು. ಸಿಕ್ಕಿಂನವರು ಯಾರ ಮೇಲೆ ದಾವೆ ಹಾಕಬೇಕು ಅನ್ನುವುದು ಮುಂದೊಂದು ದಿನ ಬರುವ ಪ್ರಶ್ನೆ.

ಸದ್ಯಕ್ಕೆ ಅಲ್ಲಿ ನಡೆಯುತ್ತಿರುವುದು ಬೇರೆ. 2025ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯದ ತಜ್ಞರ ಸಮಿತಿ ತೀಸ್ತಾ-3ನ್ನು ಮತ್ತೆ ಕಟ್ಟಲು ಒಪ್ಪಿಗೆ ಕೊಡಬಹುದು ಅಂದಿತು. ಕೊಚ್ಚಿಹೋದ ಅಣೆಕಟ್ಟಿನ ಎತ್ತರ 60 ಮೀಟರ್, ಹೊಸದರದ್ದು 118.64 ಮೀಟರ್. ಈ ಸಲ ಪೂರ್ತಿ ಕಾಂಕ್ರೀಟಿನದು. ಪ್ರವಾಹದ ನಂತರ ದಕ್ಷಿಣ ಲೊನಾಕ್ 60 ಹೆಕ್ಟೇರಿಗೆ ಕುಗ್ಗಿತ್ತು. ಆದರೆ ಅದಕ್ಕೆ ನೀರು ಕೊಡುವ ಹಿಮನದಿ ಇನ್ನೂ ಕರಗುತ್ತಲೇ ಇದೆ. ಸಿಕ್ಕಿಂ, ಅರುಣಾಚಲ, ಉತ್ತರಾಖಂಡ, ಹಿಮಾಚಲ ನಾಲ್ಕೂ ರಾಜ್ಯಗಳ ಹಿಮನದಿ ಸರೋವರಗಳ ಅಪಾಯ ತಗ್ಗಿಸಲು ಕೇಂದ್ರ ಸರ್ಕಾರ 2024ರಲ್ಲಿ ಮಂಜೂರು ಮಾಡಿದ ಮೊತ್ತ 150 ಕೋಟಿ ರೂಪಾಯಿ. ಕೊಚ್ಚಿಹೋದ ಒಂದು ತೀಸ್ತಾ-3ಕ್ಕೆ ಆಗಿದ್ದ ಖರ್ಚು ಸುಮಾರು 14,000 ಕೋಟಿ.